ಸತ್ತವರ ಹಲ್ಲಿಗೂ ಲೆಕ್ಕ ಇಡುವ ಊರು

ಗೋಥೆನ್‌ಬರ್ಗ್‌ನ ಹಲ್ಲಿನ ಡಾಕ್ಟರಮ್ಮ ನನ್ನ ಬಾಯೊಳಗೆ ಕನ್ನಡಿ ಹಿಡಿದು ನೋಡಿದವರೇ ಪಕ್ಕದ ಕೋಣೆಯ ಹುಡುಗಿಯನ್ನು ಕೂಗಿ ಕರೆದರು. "ಬಾ, ಹಳೇ ಅಮಾಲ್ಗಮ್ ನೋಡು ಬಾ." ಇಬ್ಬರೂ ಬಗ್ಗಿ ನೋಡಿದರು. ಸ್ವೀಡನ್ನಿನಲ್ಲಿ 2009ರಲ್ಲೇ ಪಾದರಸ ಸೇರಿದ ಈ ಫಿಲ್ಲಿಂಗ್ ನಿಷೇಧವಾಗಿದೆ. ಆ ಹುಡುಗಿ ಇಂಥದ್ದನ್ನು ಒಂದೂ ತುಂಬಿಲ್ಲವಂತೆ. ನನ್ನ ದವಡೆ ಹಲ್ಲು ಮ್ಯೂಸಿಯಂ ಸಾಮಾನಾಗಿದ್ದು ಸ್ವಲ್ಪ ಚುಚ್ಚಿತು. ಜಾಸ್ತಿ ಚುಚ್ಚಿದ್ದು ಆಮೇಲಿನ ಪ್ರಶ್ನೆ. ಯಾವಾಗ ತುಂಬಿಸಿದ್ದು? ಏನು ಹಾಕಿದ್ದಾರೆ ಅಂತ ಆಗ ಹೇಳಿದ್ದರಾ? ಚೀಟಿ ಇದೆಯಾ?

ಚೀಟಿಯಂತೆ! ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮಹಡಿ ಮೇಲಿನ ದವಾಖಾನೆ ಅದು. ನಾನು ಶಾಲೆ ಹುಡುಗ. "ಸಿಮೆಂಟ್ ಹಾಕ್ತಾರ, ಸುಮ್ನ ಕುಂದ್ರು" ಅಂತ ಅವ್ವ ಅಂದದ್ದೇ ನನಗೆ ಸಿಕ್ಕ ಮಾಹಿತಿ. ಅವ್ವನಿಗೂ ಅಷ್ಟೇ ಗೊತ್ತಿತ್ತು.

ಕಾಂಪೌಂಡರ್ ಕಾಕಾ ಸಣ್ಣ ಗಾಜಿನ ಕಲ್ಬತ್ತಿನಲ್ಲಿ ಬೆಳ್ಳಿ ಬಣ್ಣದ ಪುಡಿ ಹಾಕಿ, ಮೇಲೆ ಪಾದರಸ ಬಿಟ್ಟು, ಕರಕರ ಅಂತ ಅರೆದರು. ಅರೆದದ್ದನ್ನು ಬಟ್ಟೆ ಚೂರಿಗೆ ಹಾಕಿ ಹಿಂಡಿದರು. ಬಟ್ಟೆಯಿಂದ ಮಿಣಮಿಣ ಗುಂಡುಗಳು ಹೊರಬಂದವು. ಉಳಿದ ಮುದ್ದೆಯನ್ನು ಬರೀ ಅಂಗೈಯಲ್ಲಿಟ್ಟು ಹೆಬ್ಬೆರಳಿಂದ ತಿಕ್ಕಿದರು. ನಾನು ಅಳಬಾರದು ಅಂತ ಒಂದು ಗುಂಡನ್ನು ಕಾಗದದ ಮೇಲೆ ಕೊಟ್ಟು "ಆಡ್ಕೋ" ಅಂದರು. ಅದು ಒಡೆದು ನಾಲ್ಕಾಯಿತು, ಮತ್ತೆ ಕೂಡಿ ಒಂದಾಯಿತು, ಕೊನೆಗೆ ಜಾರಿ ಶಹಾಬಾದ್ ಫರ್ಸಿಯ ಸಂದಿಗೆ ಹೋಯಿತು. ಯಾರೂ ಹುಡುಕಲಿಲ್ಲ. ಉಳಿದದ್ದನ್ನು ಕಾಕಾ ನೀರು ಹಾಕಿ ಬೇಸಿನ್ನಿಗೆ ಬಿಟ್ಟರು.

ಈ ಫಿಲ್ಲಿಂಗಿನಲ್ಲಿ ತೂಕದ ಅರ್ಧದಷ್ಟು ಪಾದರಸವೇ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಗುಂಡು ಗುಂಡಾಗಿರುವ ಪಾದರಸವನ್ನು ನುಂಗಿದರೆ ಹೆಚ್ಚೂಕಮ್ಮಿ ಹಾಗೇ ಹೊರಗೆ ಹೋಗುತ್ತದೆ. ತಂಟೆ ಇರುವುದು ಆವಿಯಲ್ಲಿ. ಉಸಿರಿನ ಜೊತೆ ಒಳಗೆ ಹೋದ ಆವಿಯಲ್ಲಿ ಸುಮಾರು ನೂರಕ್ಕೆ 80 ಪಾಲು ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮಿದುಳು, ಕಿಡ್ನಿ. ವರ್ಷಗಟ್ಟಲೆ ಜಾಸ್ತಿ ಆವಿ ಕುಡಿದವರಿಗೆ ಕೈ ನಡುಗುತ್ತದೆ, ನಿದ್ದೆ ಕೆಡುತ್ತದೆ, ಸುಮ್ನೆ ಸಿಡಿಮಿಡಿ ಶುರುವಾಗುತ್ತದೆ. ಸೆಕೆ ಏರಿದಷ್ಟೂ ಪಾದರಸ ಜೋರಾಗಿ ಆವಿಯಾಗುತ್ತದೆ. ಈಗ ನಮ್ಮ ಮೇ ತಿಂಗಳು ನೆನೆಸಿಕೊಳ್ಳಿ. ಹೊರಗೆ 42 ಡಿಗ್ರಿ, ಬಿಸಿಲಿಗೆ ಹೆದರಿ ಮುಚ್ಚಿದ ಕಿಟಕಿ, ಒಳಗೆ ದಿನವಿಡೀ ಅರೆಯುವ ಕಾಕಾ. ನನ್ನ ಹಲ್ಲಿನ ಮಾತು ಬಿಡಿ. ಆ ಮನುಷ್ಯನ ಮೂತ್ರ ತಪಾಸಣೆ ಮಾಡಿಸಬೇಕು ಅಂತ ಯಾರಿಗಾದರೂ ಹೊಳೆದಿತ್ತಾ?

ಇಲ್ಲಿ ಸ್ವೀಡನ್ನಿನಲ್ಲಿ ಹೊಳೆಯುತ್ತದೆ, ಅದೇ ನನ್ನ ಹೊಟ್ಟೆಉರಿ. ಹಳೇ ಫಿಲ್ಲಿಂಗ್ ಕೊರೆದರೆ ಅದರ ಚೂರು ಚರಂಡಿ ಸೇರದಂತೆ ಕುರ್ಚಿಯ ಪೈಪಿಗೆ ಸೋಸುವ ಡಬ್ಬಿ ಇದೆ. ಹೆಣ ಸುಟ್ಟಾಗ ಹಲ್ಲಿನ ಪಾದರಸ ಹೊಗೆಯಲ್ಲಿ ಹೋಗುತ್ತದೆ ಅಂತ ಸ್ಮಶಾನದ ಚಿಮಣಿಯ ಬಗ್ಗೆಯೂ ತಲೆ ಕೆಡಿಸಿಕೊಂಡಿದ್ದಾರೆ. ಸತ್ತವರ ಬಾಯಿಗೂ ಲೆಕ್ಕ! ನಮ್ಮಲ್ಲಿ ಬದುಕಿದ್ದವರಿಗೂ ಎರಡೇ ಪ್ರಶ್ನೆ. ನೋವು ಹೋಯ್ತಾ? ರೊಕ್ಕ ಎಷ್ಟಾಯ್ತು? ಮೂರನೆಯದು ಕೇಳಿದರೆ "ಏನೂ ಆಗಂಗಿಲ್ಲ ಬಿಡ್ರಿ".

ಆದರೆ ಆ "ಏನೂ ಆಗಂಗಿಲ್ಲ" ಪೂರ್ತಿ ಸುಳ್ಳಲ್ಲ ಅನ್ನುವುದೇ ಸಂಕಟ. ಲಿಸ್ಬನ್ನಿನಲ್ಲಿ ಒಂದು, ಅಮೆರಿಕದಲ್ಲಿ ಒಂದು, ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಮಾಲ್ಗಮ್, ಇನ್ನೊಂದಕ್ಕೆ ಪಾದರಸವಿಲ್ಲದ ಫಿಲ್ಲಿಂಗ್ ಹಾಕಿ ವರ್ಷಗಟ್ಟಲೆ ನೋಡಿದ ಅಧ್ಯಯನಗಳು 2006ರಲ್ಲಿ ಪ್ರಕಟವಾದವು. ಅಮಾಲ್ಗಮ್ ಹಾಕಿಸಿಕೊಂಡ ಮಕ್ಕಳ ಮೂತ್ರದಲ್ಲಿ ಪಾದರಸ ಸ್ವಲ್ಪ ಜಾಸ್ತಿ ಇತ್ತು, ಬುದ್ಧಿ, ನೆನಪಿನಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಬಸುರಿಯರು, ಹಾಲೂಡಿಸುವವರು, ಮಕ್ಕಳು (ಅದರಲ್ಲೂ ಆರು ವರ್ಷದೊಳಗಿನವರು), ಕಿಡ್ನಿ ಅಥವಾ ನರದ ಕಾಯಿಲೆ ಇದ್ದವರಿಗೆ ಆದಷ್ಟೂ ಹೊಸದಾಗಿ ಹಾಕುವುದು ಬೇಡ ಅಂದಿತು. ಗಟ್ಟಿಯಾಗಿರುವ ಹಳೆಯದನ್ನು ಸುಮ್ನೆ ಕಿತ್ತು ತೆಗೆಸಬೇಡಿ ಅಂತಲೂ ಅಂದಿತು. ಕೊರೆಯುವಾಗಲೇ ಆವಿ ಜಾಸ್ತಿ. ಗೋಥೆನ್‌ಬರ್ಗ್‌ನ ಡಾಕ್ಟರಮ್ಮ ಕೊನೆಗೆ ಹೇಳಿದ್ದೂ ಇದನ್ನೇ, ನನ್ನದನ್ನು ಮುಟ್ಟಲಿಲ್ಲ. ಅಷ್ಟಕ್ಕೆ ಕೊಟ್ಟ ಬಿಲ್ಲಿನಲ್ಲಿ ಕಲಬುರಗಿಯಲ್ಲಿ ಬಾಯಿ ತುಂಬ ಪಾದರಸವಿಲ್ಲದ ಬಿಳಿ ಸಿಮೆಂಟ್ ಹಾಕಿಸಬಹುದಿತ್ತು. ಅದೂ ಅದೇ ದಿನ, ಅಪಾಯಿಂಟ್‌ಮೆಂಟ್ ಇಲ್ಲದೆ. ಜೇವರ್ಗಿ ಕಡೆಯಿಂದ ಬಸ್ಸು ಹಿಡಿದು ಬಂದ ರೈತನಿಗೆ ಆ ಕಾಲಕ್ಕೆ ಕಡಿಮೆ ರೊಕ್ಕದಲ್ಲಿ, ಕಟಕ್ ರೊಟ್ಟಿ ಕಡಿದರೂ ಅಲ್ಲಾಡದ ಹಲ್ಲು ಕೊಟ್ಟಿದ್ದು ಅದೇ ಪಾದರಸ ಅಂತಲೂ ಒಪ್ಪಬೇಕು.

ಇದೆಲ್ಲ ಮತ್ತೆ ತಲೆಗೆ ಬಂದಿದ್ದು ನಮ್ಮಕ್ಕನ ಫೋನಿನಿಂದ. ಯಾವುದೋ ವಿಡಿಯೋ ನೋಡಿ, ತನ್ನ ಮರೆವಿಗೆ ಹಲ್ಲಿನ ಬೆಳ್ಳಿಯೇ ಕಾರಣ ಅಂತ ಎಲ್ಲ ತೆಗೆಸಲು ಹೊರಟಿದ್ದಾಳೆ. "ಗಟ್ಟಿ ಇದ್ರ ತಗಿಸಬ್ಯಾಡ" ಅಂದೆ. ತೆಗೆಸಲೇಬೇಕಾಗಿ ಬಂದರೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತೀರಾ, ಜೋರಾಗಿ ಎಳೆಯುವ ಸಕ್ಷನ್ ಇದೆಯಾ, ಕೊರೆದ ಚೂರು ಎಲ್ಲಿ ಹಾಕುತ್ತೀರಿ ಅಂತ ಮೊದಲೇ ಕೇಳು ಅಂದೆ.

"ಅಷ್ಟೆಲ್ಲಾ ಕೇಳಿದ್ರ ಡಾಕ್ಟರ್ ಸಿಟ್ಟಿಗೇಳ್ತಾರೋ ತಮ್ಮಾ" ಅಂದಳು.