ಇನ್ನೂ ಬಿಟ್ಟಿಲ್ವಾ?

ರಜೆಗೆ ಬಂದ ಫೌಜಿಯನ್ನು, ಅಂದರೆ ಸೈನಿಕನನ್ನು, ಊರವರು ಕೇಳುವುದು ಎರಡೇ ಪ್ರಶ್ನೆ. ಯಾವಾಗ ಬಂದೆ, ಯಾವಾಗ ಹೋಗ್ತೀಯ. ನನಗೆ ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ: "ಇನ್ನೂವೆ ಬುಟ್ಟಿಲ್ವಾ ನಿನ್ನ?" ಕೇಳುವ ಧಾಟಿ ನೋಡಿದರೆ ಪೆರೋಲ್ ಮೇಲೆ ಮಂಡ್ಯಕ್ಕೆ ಬಂದ ಕೈದಿ ಇರಬೇಕು ನಾನು.

1994ರಲ್ಲಿ ನಾವು ನಾಲ್ವರು ಒಟ್ಟಿಗೆ ಬೆಂಗಳೂರಿನ ರೈಲು ಹತ್ತಿದ್ದೆವು. ಹಲಸೂರು ಕೆರೆಯ ಕಡೆ ಇರುವ, ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೆಂಟರಿನಲ್ಲಿ ಒಂದೇ ದಿನ ತಲೆ ಕೊಟ್ಟೆವು, ಕ್ಷೌರಿಕನಿಗೆ. ಅಲ್ಲಿ ನಮ್ಮನ್ನೆಲ್ಲ 'ತಂಬಿ' ಅನ್ನುತ್ತಾರೆ, ತಮಿಳಿನಲ್ಲಿ ತಮ್ಮ ಅಂತ. ಐವತ್ತು ದಾಟಿದ ಮೇಲೂ ನಾನು ತಂಬಿಯೇ.

ಸೈನ್ಯದಲ್ಲಿ ಎಲ್ಲರಿಗೂ ಒಂದೇ ವಯಸ್ಸಿಗೆ ಪಿಂಚಣಿ ಅಂತಿಲ್ಲ. ಮೇಲಕ್ಕೆ ಹೋದಷ್ಟೂ ಬಾಗಿಲು ದೂರ ಸರಿಯುತ್ತದೆ. ನಮ್ಮಲ್ಲಿ ಮೊದಲನೆಯವನು 17 ವರ್ಷ ಮುಗಿಸಿ ಸಿಪಾಯಿಯಾಗಿಯೇ ಬಂದ, ಈಗ ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್. ಎರಡನೆಯವನು ನಾಯಕ್ ಆಗಿ 24 ವರ್ಷ, ಮೂರನೆಯವನು ಹವಾಲ್ದಾರ್ ಆಗಿ 26 ವರ್ಷ ಮುಗಿಸಿ ಬಂದರು. ಒಬ್ಬನಿಗೆ ಆಲೆಮನೆ, ಇನ್ನೊಬ್ಬನಿಗೆ ಎರಡು ಹಸು. ನಾನು ಸುಬೇದಾರ್ ಮೇಜರ್. 34 ವರ್ಷ ಸರ್ವಿಸ್, 54 ವಯಸ್ಸು ಅಥವಾ ಈ ದರ್ಜೆಯಲ್ಲಿ ನಾಲ್ಕು ವರ್ಷ, ಯಾವುದು ಮೊದಲು ಬರುತ್ತೋ ಅಲ್ಲಿಯವರೆಗೆ.

ಯೂನಿಟ್ಟಿನಲ್ಲಿ ನಾನೇ ಹಳಬ. ನಾನು ಭರ್ತಿಯಾದಾಗ ನಮ್ಮ ಈಗಿನ ಕಮಾಂಡಿಂಗ್ ಆಫೀಸರ್ ಸಾಹೇಬರು ಪ್ರೈಮರಿ ಸ್ಕೂಲಿನಲ್ಲಿದ್ದರು. ಮೊನ್ನೆ ಒಬ್ಬ ಅಗ್ನಿವೀರ ಹುಡುಗ ಲೆಕ್ಕ ಹಾಕಿ ಹೇಳಿದ: "ಸಾಬ್, ಆವಾಗ ನಮ್ಮಪ್ಪಂಗೆ ಮದುವೇನೇ ಆಗಿರಲಿಲ್ಲ." ಅವನಿಗೆ ಇರುವುದು ನಾಲ್ಕು ವರ್ಷದ ಸರ್ವಿಸ್, ಅದು ಮುಗಿದ ಮೇಲೆ ನೂರರಲ್ಲಿ ಇಪ್ಪತ್ತೈದು ಜನರನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಆ ಲೆಕ್ಕ ಅವನು ನನ್ನ ಹತ್ತಿರ ಹಾಕಲಿಲ್ಲ, ನಾನೂ ಕೇಳಲಿಲ್ಲ.

ವಿಚಿತ್ರ ನಡೆಯುವುದು ಊರಲ್ಲಿ. ನೂರಡಿ ರಸ್ತೆಯ ಟೀ ಅಂಗಡಿಯಲ್ಲಿ ನಾಲ್ವರೂ ಸೇರಿದರೆ ಮಾತೆಲ್ಲ ಸೈನ್ಯದ್ದೇ. ಆದರೆ ಅಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ನಾವು ಕಲಿತಿದ್ದು ಎಸ್‌ಎಲ್‌ಆರ್ ರೈಫಲ್. ಅದನ್ನು ಬಿಚ್ಚಿ ಜೋಡಿಸುವ ಕ್ರಮ ಅವರಿಗೆ ಇವತ್ತೂ ನಾಲಿಗೆಯ ತುದಿಯಲ್ಲಿದೆ. ಬಿಸ್ಕತ್ ಪೊಟ್ಟಣ ಹಿಡಿದು ತೋರಿಸುತ್ತಾರೆ. ನನಗೆ ಅದರ ಮೇಲೆ ಇನ್ಸಾಸ್ ರೈಫಲ್ ಬಂತು, ಆಮೇಲೆ ಇನ್ನೇನೇನೋ ಬಂತು, ಹಳೆಯದು ಅಳಿಸಿಹೋಯಿತು. "ಥೂ, ಗ್ಯಾಸ್ ಪ್ಲಗ್ ಯಾವ ಕಡೆ ತಿರುಗಿಸ್ಬೇಕು ಅನ್ನೋದೂ ಗೊತ್ತಿಲ್ವಲ್ಲೋ ಸುಬೇದಾರ," ಅಂತ ಆಲೆಮನೆಯವನು ಬೈಯುತ್ತಾನೆ. 2022ರಲ್ಲಿ ಬಂದ ಹೊಸ ಕಾಂಬ್ಯಾಟ್ ಸಮವಸ್ತ್ರದಲ್ಲಿ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಬೇಕಿಲ್ಲ. ಫೋಟೋ ತೋರಿಸಿದೆ. ಮೂವರೂ ಒಪ್ಪಲಿಲ್ಲ. ಹಾಗೆಲ್ಲ ನಿಂತರೆ ನಮಗೆ ಟ್ರೇನಿಂಗ್ ಕೊಟ್ಟ ಉಸ್ತಾದ್ ಬಿಡ್ತಿದ್ರಾ ಅಂದರು. ಬಿಟ್ಟುಬಂದವರಿಗೆ ಸೈನ್ಯ ಪಕ್ಕಾ ನೆನಪಿದೆ. ಅಲ್ಲೇ ಇರುವವನಿಗೆ ದಿನಾ ಒಂದಿಷ್ಟು ಮರೆಯುತ್ತದೆ. ಯಾರ ಸೈನ್ಯ ನಿಜ ಅಂತ ಜಗಳಕ್ಕೆ ಬಿದ್ದರೆ ಟೀ ದುಡ್ಡು ನಾನೇ ಕೊಡಬೇಕಾಗುತ್ತದೆ. ಸಂಬಳ ನನಗೇ ಜಾಸ್ತಿ ಅಲ್ವಾ!

ಕೊಡಗಿನ ಕಾರಿಯಪ್ಪನವರು 1953ರಲ್ಲಿ ನಿವೃತ್ತರಾದರು, 1986ರಲ್ಲಿ ಫೀಲ್ಡ್ ಮಾರ್ಷಲ್ ಆದರು. ಆ ಪದವಿಗೆ ನಿವೃತ್ತಿಯೇ ಇಲ್ಲ, ಬದುಕಿರುವವರೆಗೂ ಸೇವೆಯಲ್ಲಿದ್ದ ಹಾಗೆ. ಇದನ್ನು ಮನೆಯಲ್ಲಿ ಸುಮ್ನೆ ಹೇಳಿಬಿಟ್ಟೆ. ಹೆಂಡತಿ ಮುದ್ದೆ ತಿರುವುತ್ತಿದ್ದವಳು ಕೋಲು ಎತ್ತಿ ನನ್ನ ಕಡೆ ನೋಡಿದಳು. "ನಿಮಗೇನೂ ಕೊಡಲ್ವಲ್ಲ ಅದನ್ನ?"

ಕಪ್ಪು ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ನನ್ನ ನಂಬರು, ದರ್ಜೆ, ಹೆಸರು. ಹೆಸರು 1994ರದ್ದೇ. ನಂಬರು ಒಂದೇ ಸಲ ಬದಲಾಯಿತು, ನಾಯಬ್ ಸುಬೇದಾರ್ ಆದಾಗ. ದರ್ಜೆ ಇರುವ ಜಾಗದಲ್ಲಿ ಮಾತ್ರ ಬಡ್ತಿ ಸಿಕ್ಕಾಗಲೆಲ್ಲ ಕಪ್ಪು ಬಳಿದು ಹೊಸದು ಬರೆಸಿದ್ದೇನೆ. ಅಲ್ಲಿ ಬಣ್ಣ ದಪ್ಪಗಾಗಿ ಉಬ್ಬಿದೆ. ಬೆರಳಾಡಿಸಿದರೆ ಕೈಗೆ ಸಿಗುತ್ತದೆ.

ಈ ಸಲ ಹೊರಡುವಾಗಲೂ ಮೂವರೂ ಮಂಡ್ಯ ಸ್ಟೇಷನ್ನಿಗೆ ಬಂದರು. ಟ್ರಂಕು ಹೊತ್ತರು, ಹೇಗೆ ಹೊರಬೇಕು ಅಂತ ನನಗೇ ಹೇಳಿಕೊಟ್ಟರು. ಬ್ಯಾಂಕಿನವನು ಗಾರ್ಡ್ ಯೂನಿಫಾರ್ಮಿನಲ್ಲೇ ಇದ್ದ. ರೈಲು ಹತ್ತು ನಿಮಿಷ ಲೇಟು. ಅವನು ಒಂದೇ ಸಮ ಗಡಿಯಾರ ನೋಡುತ್ತಿದ್ದ. ಕೊನೆಗೆ ನನ್ನ ಹೆಗಲ ಮೇಲೊಂದು ಹೊಡೆದ.

"ನೀ ಹತ್ಕೊ ಕಣ್ಲಾ, ನಾ ಹೊಂಟೆ. ನಂಗೆ ಡ್ಯೂಟಿ ಅದೆ."