ವಿಜಯಪುರದಿಂದ ವಿಜಯಪುರಕ್ಕೆ

ನನ್ನ ಆಧಾರ್ ಕಾರ್ಡಿನಲ್ಲಿರುವ ಊರು ವಿಜಯಪುರ. ಈಗ ಬಾಡಿಗೆಗಿರುವ ಮನೆಯ ವಿಳಾಸದಲ್ಲಿರುವುದೂ ವಿಜಯಪುರವೇ. ಎರಡರ ನಡುವೆ 400ಕ್ಕೂ ಹೆಚ್ಚು ಕಿಲೋಮೀಟರ್ ದಾರಿಯಿದೆ. ಮೊದಲನೆಯದು ಗೋಳಗುಮ್ಮಟದ ವಿಜಯಪುರ, ಎರಡನೆಯದು ಚಿಕ್ಕಮಗಳೂರು ಪೇಟೆಯೊಳಗಿನ ಬಡಾವಣೆ. ಬಿ.ಕಾಂ. ಮುಗಿಸಿ, ಇಲ್ಲಿನ ಕಾಫಿ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುವ ಕೆಲಸ ಸಿಕ್ಕಿ, ನಾಲ್ಕು ದಿನ ಲಾಡ್ಜಿನಲ್ಲಿದ್ದು, ಐದನೇ ದಿನ ಮನೆ ಗೊತ್ತಾದಾಗ ಅವ್ವನಿಗೆ ಫೋನ್ ಮಾಡಿದೆ.

"ಯವ್ವಾ, ಮನಿ ಸಿಕ್ತು. ವಿಜಯಪುರದಾಗ."

"ಹಂಗಾರ ನೌಕರಿ ಬಿಟ್ಟು ಬಂದಿ ಅನ್ನು," ಎಂದಳು ಅವ್ವ. ದನಿಯಲ್ಲಿ ಗಾಬರಿಯೇನೂ ಇರಲಿಲ್ಲ. ಮಗ ವಾರದೊಳಗೆ ವಾಪಸ್ ಬರುತ್ತಾನೆಂದು ಓಣಿಯವರಿಗೆಲ್ಲ ಮೊದಲೇ ಹೇಳಿಟ್ಟಿದ್ದಳಂತೆ.

ನನ್ನ ಜೊತೆ ಓದಿದವರು ಪುಣೆ, ಹೈದರಾಬಾದ್ ಎಂದು ಚದುರಿದ್ದರು. ಬೆಂಗಳೂರಿಗೆ ಹೋದವನಂತೂ ಆಟೋದವನ ಜೊತೆ ಹಿಂದಿಯಲ್ಲಿ ಜಗಳ ಆಡುವುದನ್ನು ಕಲಿತಿದ್ದ. ನನಗೆ ಒಳಗೊಳಗೇ ಹಮ್ಮು. ನಾನು ಹೋಗುವುದು ಚಿಕ್ಕಮಗಳೂರಿಗೆ, ಅಲ್ಲಿರುವುದು ಅಪ್ಪಟ ಕನ್ನಡ, ಕಲಿಯುವುದೇನಿದೆ ಎಂದುಕೊಂಡಿದ್ದೆ.

ಕೆಲಸಕ್ಕೆ ಸೇರಿದ ಮೊದಲ ದಿನ ಬೆಳಿಗ್ಗೆಯೇ ಪಕ್ಕದ ಮೇಜಿನವರು ಫೋನಿನಲ್ಲಿ ತಲೆ ಚಚ್ಚಿಕೊಂಡು, "ಎಂಥ ಸಾವು ಮಾರಾಯ!" ಎಂದರು. ಫೋನಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿ ಕೂತರು. ನಾನು ಎದ್ದು ಹೋಗಿ ಹೆಗಲ ಮೇಲೆ ಕೈಯಿಟ್ಟೆ. "ಸಮಾಧಾನ ಮಾಡ್ಕೊರಿ ಸರ. ಭಾಳ ವಯಸ್ಸಾಗಿತ್ತೇನ್ರಿ?" ಅವರು ಬೆರಳ ಸಂದಿಯಿಂದ ನನ್ನನ್ನು ನೋಡಿದರು. ಸತ್ತವರು ಯಾರೂ ಇರಲಿಲ್ಲ. ಗೋಣಿಚೀಲದ ಲಾರಿ ದಾರಿಯಲ್ಲಿ ಪಂಕ್ಚರ್ ಆಗಿತ್ತು. ಇಲ್ಲಿ ಕರೆಂಟು ಹೋದರೂ ಸಾವು, ಚಪ್ಪಲಿ ಕಿತ್ತರೂ ಸಾವು ಎಂಬುದು ತಿಳಿಯಲು ನನಗೆ ವಾರ ಹಿಡಿಯಿತು. ನಿಜವಾಗಿ ಯಾರಾದರೂ ತೀರಿಕೊಂಡರೆ ಏನನ್ನುತ್ತಾರೋ ಎಂಬ ಕುತೂಹಲ ಈಗಲೂ ಇದೆ, ಕೇಳುವ ಧೈರ್ಯ ಬಂದಿಲ್ಲ.

ಅದೇ ಮಧ್ಯಾಹ್ನ ಬೆಳೆಗಾರರೊಬ್ಬರು ಬಂದು ಕೌಂಟರಿನ ಮುಂದೆ ನಿಂತು, "ಓಟಿ ಎಷ್ಟು ಬಂತು?" ಎಂದು ಕೇಳಿದರು. ಅಪರಿಚಿತರು ನನ್ನ ಸಂಬಳದ ಬಗ್ಗೆ ಇಷ್ಟು ಕಾಳಜಿ ತೋರಿಸುವುದು ಕಂಡು ಮನಸ್ಸು ತುಂಬಿ ಬಂತು. "ನಮಗ ಓಟಿ ಇಲ್ರಿ. ಆರಕ್ಕ ಬಿಟ್ಟುಬಿಡ್ತಾರ," ಎಂದೆ.

ಓಟಿ ಎಂದರೆ ಔಟ್‌ಟರ್ನ್. 50 ಕೆ.ಜಿ. ಒಣ ಚೆರ್ರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಸಿಪ್ಪೆ ಬಿಡಿಸಿದರೆ ಎಷ್ಟು ಕೆ.ಜಿ. ಬೀಜ ಉಳಿಯುತ್ತದೆ ಎಂಬ ಲೆಕ್ಕ. 26 ಕೆ.ಜಿ. ಉಳಿದರೆ 26 ಓಟಿ, ಒಂದು ಓಟಿಗೆ ಇಷ್ಟು ರೂಪಾಯಿ ಎಂದು ದರ. ಅರ್ಧ ಓಟಿ ಕಡಿಮೆ ಬಂದರೆ ಬೆಳೆಗಾರರ ಬಿಪಿ ಏರುತ್ತದೆ. ಅಂಥ ಆತಂಕದಲ್ಲಿ ಬಂದವರಿಗೆ ನಾನು ನನ್ನ ಮನೆಗೆ ಹೋಗುವ ವೇಳೆ ಹೇಳಿದ್ದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಜಮಾನರತ್ತ ತಿರುಗಿ, "ಹೊಸಬನಾ?" ಎಂದರು. ಯಜಮಾನರು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ, ಯಾಕೆಂದರೆ ಹತ್ತು ನಿಮಿಷ ಮುಂಚೆಯಷ್ಟೇ ನಾನು ಅವರ ಮುಂದೆ ಇನ್ನೂ ದೊಡ್ಡ ಅಪರಾಧ ಮಾಡಿದ್ದೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಬಿತ್ತಿದರೆಂದು ಹೇಳುವ ಬೆಟ್ಟದ ಬುಡದಲ್ಲಿ, ಸುತ್ತ ಕಾಫಿ ಮೂಟೆಗಳ ನಡುವೆ ಕೂತು, "ನನಗ ಕಾಫಿ ಬ್ಯಾಡ್ರಿ, ಒಂದ್ ಚಾ ಹೇಳ್ರಿ," ಎಂದಿದ್ದೆ.

ಸಂತೆಯಲ್ಲಿ ಆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. "ಮೆಂತೆ ಪಲ್ಯ ಹೆಂಗ?" ಎಂದು ಕೇಳಿದೆ. ಮಾರುವಾಕೆ, "ಪಲ್ಯ ಬೇಕಾದ್ರೆ ಹೋಟ್ಲಿಗೆ ಹೋಗಪ್ಪ, ಇಲ್ಲಿ ಸೊಪ್ಪಷ್ಟೇ ಸಿಗೋದು," ಎಂದರು. ನಮ್ಮ ಕಡೆ ಹೊಲದಲ್ಲಿದ್ದರೂ ಪಲ್ಯ, ತಾಟಿನಲ್ಲಿದ್ದರೂ ಪಲ್ಯ. ಇಲ್ಲಿ ಒಲೆ ಹತ್ತುವವರೆಗೆ ಅದಕ್ಕೆ ಬಡ್ತಿ ಇಲ್ಲ.

ಇನ್ನು ಮಳೆ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂದು ಅವ್ವ ಹೇಳುತ್ತಿದ್ದಳು. ನಮ್ಮೂರಲ್ಲಿ ಮೋಡ ಕಟ್ಟಿದರೆ ಜನ ಮನೆಯಿಂದ ಹೊರಗೆ ಬಂದು ಆಕಾಶ ನೋಡುತ್ತಾರೆ. ಕೊಡೆ ಇಟ್ಟುಕೊಳ್ಳುವುದು ಬಿಸಿಲಿಗೆ. ಆ ಬಿಸಿಲ ಕೊಡೆಯನ್ನೇ ಹಿಡಿದು ನಾನು ಜೂನ್‌ನಲ್ಲಿ ಹನುಮಂತಪ್ಪ ಸರ್ಕಲ್ ದಾಟುವಾಗ ಅದು ಒಂದೇ ಗಾಳಿಗೆ ಮೇಲ್ಮುಖವಾಗಿ ಅರಳಿ, ನೀರು ಹಿಡಿಯುವ ಬುಟ್ಟಿಯಾಯಿತು. ಪಕ್ಕದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೊರಟಿದ್ದ ಅಜ್ಜ ನಿಂತು ನೋಡಿ, "ಇದೊಂದು ಮಳೆಯಾ? ಶೃಂಗೇರಿ ಕಡೆ ಹೋಗಿ ನೋಡು," ಎಂದರು. ಆಮೇಲೆ ಶೃಂಗೇರಿಯವರೊಬ್ಬರು ಪರಿಚಯವಾದರು. ಅವರೂ, "ನಮ್ಮದೊಂದು ಮಳೆಯಾ? ಆಗುಂಬೆಗೆ ಹೋಗಿ ನೋಡಿ," ಎಂದರು. ಆಗುಂಬೆಯವರು ಸಿಕ್ಕಿಲ್ಲ. ಅವರು ಯಾರ ಕಡೆ ಕೈ ತೋರಿಸುತ್ತಾರೋ ನೋಡಬೇಕು.

ಮನೆ ತೋರಿಸುವಾಗ ಮನೆಯೊಡತಿ ಅಮ್ಮನವರು, "ಮಾಡಿ ಮೇಲಿಂದ ಮುಳ್ಳಯ್ಯನಗಿರಿ ಚೆಂದ ಕಾಣುತ್ತೆ," ಎಂದಿದ್ದರು. ಆ ಮಾತಿಗೇ ನಾನು ಬಾಡಿಗೆಯಲ್ಲಿ ಚೌಕಾಸಿ ಮಾಡಿರಲಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು. ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಶಿಖರ ಅದು, 1900 ಮೀಟರ್‌ಗೂ ಮಿಗಿಲು. ನನಗೆ ಕಂಡದ್ದು ಎದುರುಮನೆಯ ನೀರಿನ ಟ್ಯಾಂಕು. ಕೇಳಿದರೆ, "ಇರುತ್ತೆ ಮಾರಾಯ, ಎಲ್ಲಿಗೆ ಹೋಗುತ್ತೆ?" ಎನ್ನುತ್ತಿದ್ದರು.

ಬೆಟ್ಟ ಕಾಣದಿದ್ದರೆ ಸಹಿಸಬಹುದು, ಬಟ್ಟೆ ಒಣಗದಿದ್ದರೆ ಹೇಗೆ? ಸೋಮವಾರ ಒಗೆದ ಅಂಗಿ ಗುರುವಾರವೂ ಸೋಮವಾರದಷ್ಟೇ ಒದ್ದೆ. ಫ್ಯಾನ್ ಕೆಳಗೆ ಹರಡಿದೆ. ಇಸ್ತ್ರಿಪೆಟ್ಟಿಗೆ ಇಟ್ಟೆ, ಹಬೆ ಎದ್ದು ಕನ್ನಡಕ ಮಂಜಾಯಿತು, ಅಂಗಿ ಹಾಗೇ ಇತ್ತು. ಕೊನೆಗೆ ಅಮ್ಮನವರೇ ಕರುಣೆ ತೋರಿ, ಹಿತ್ತಿಲ ಬಚ್ಚಲೊಲೆಯ ಮೇಲೆ ಅಡ್ಡ ಕಟ್ಟಿದ್ದ ಬಿದಿರಿನ ಗಳುವಿನಲ್ಲಿ ನನಗೊಂದು ಮೊಳ ಜಾಗ ಬಿಟ್ಟುಕೊಟ್ಟರು. ಬಟ್ಟೆ ಗರಿಗರಿಯಾಗಿ ಒಣಗಿತು. ಆದರೆ ಆಫೀಸಿಗೆ ಹೋದರೆ ಎಲ್ಲರೂ ಮೂಗು ಅರಳಿಸಿ, ಯಾರ ತೋಟದ ಮನೆಯಲ್ಲಿ ಹಂಡೆಗೆ ಉರಿ ಹಾಕಿ ಬಂದೆ ಎಂದು ಕೇಳಿದರು.

ಈ ಬಚ್ಚಲೊಲೆಯ ಮುಂದೆಯೇ ಅಮ್ಮನವರು ಒಂದು ಸಂಜೆ, "ನಾಳೆ ಬೆಳಿಗ್ಗೆ ಕಡುಬು ಮಾಡ್ತೀನಿ, ತಿಂಡಿಗೆ ಬಾ," ಎಂದರು.

ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಹುಣ್ಣಿಮೆಗೆ ಊರಿಗೆ ಹೋಗಲಾಗಿರಲಿಲ್ಲ. ಅವ್ವ ಮಾಡುವ ಕಡುಬು ಎಂದರೆ ಗೋಧಿ ಹಿಟ್ಟಿನ ಕಣಕ, ಒಳಗೆ ಕಡಲೆಬೇಳೆ ಬೆಲ್ಲದ ಹೂರಣ, ಏಲಕ್ಕಿ ಘಮ, ಮೇಲೆ ಕೈ ಬಿಗಿ ಹಿಡಿಯದೆ ಸುರಿಯುವ ತುಪ್ಪ. ಬೆಳಿಗ್ಗೆ ಸ್ನಾನ ಮಾಡಿ, ಬರಿಗೈಯಲ್ಲಿ ಹೋಗಬಾರದೆಂದು ಊರಿಂದ ತಂದಿದ್ದ ತುಪ್ಪದ ಡಬ್ಬಿ ಹಿಡಿದು ಕೆಳಗಿಳಿದೆ. ತಟ್ಟೆಗೆ ಬಂದದ್ದು ಅಕ್ಕಿತರಿಯ, ಬೆಳ್ಳಗಿನ, ಹಬೆಯಾಡುವ ನಾಲ್ಕು ಉಂಡೆಗಳು. ಪಕ್ಕದಲ್ಲಿ ಕಾಯಿ ಚಟ್ನಿ.

ಹೊರಗಿನ ಆಕಾರ ಬೇರೆಯಿರಬಹುದು, ಒಳಗಿನ ತತ್ವ ಒಂದೇ ಎಂದುಕೊಂಡೆ. ಒಂದನ್ನು ಮುರಿದೆ. ಒಳಗೂ ಬೆಳ್ಳಗಿತ್ತು. ಇದಕ್ಕೆ ಹೂರಣ ತುಂಬುವುದು ಮರೆತಿರಬೇಕೆಂದು ಎರಡನೆಯದನ್ನು ಮುರಿದೆ. ಮೂರನೆಯದಕ್ಕೆ ಕೈ ಹಾಕಿದಾಗ ಅಮ್ಮನವರು ಸೌಟು ಹಿಡಿದು ಹತ್ತಿರ ಬಂದು ಬಗ್ಗಿದರು.

"ಎಂತ ಹುಡುಕ್ತಿದ್ದೀಯ? ಕೂದಲು ಸಿಕ್ತಾ?"

"ಇಲ್ರಿ... ಹೂರಣ."

ಅವರು ಒಳಗೆ ಹೋಗಿ ನಕ್ಕರು. ಸಣ್ಣ ನಗು ಅಲ್ಲ. ಪಾತ್ರೆಯೊಂದು ಬಿತ್ತು. ತಿರುಗಿ ಬಂದು, ಮುಖ ಗಂಭೀರ ಮಾಡಿಕೊಂಡು, ಬಚ್ಚಿಟ್ಟ ಬೆಲ್ಲದ ಅಚ್ಚೊಂದನ್ನು ತಟ್ಟೆಯ ಅಂಚಿಗಿಟ್ಟರು. ತುಪ್ಪ ಹಾಕಿ ಆರು ಕಡುಬು ತಿಂದೆ. ಚಟ್ನಿ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಕಡುಬಿನ ಕಥೆ ಕೇಳಿ ಅವ್ವನಿಗೆ ಕರುಳು ಚುರ್ ಎಂದಿತು. ಐವತ್ತು ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿ ಕೊರಿಯರ್‌ಗೆ ಕೊಡಿಸಿದಳು. ವಿಳಾಸ ಬರೆದವನು ನನ್ನ ತಮ್ಮ. ತಪ್ಪಿಹೋಗಬಾರದೆಂದು ವಿಜಯಪುರ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದು, ಚಿಕ್ಕಮಗಳೂರನ್ನು ಕೆಳಗೆ ಇರುವೆ ಸಾಲಿನಂತೆ ಇಟ್ಟಿದ್ದ. ಕಳಿಸಿದವರೂ ವಿಜಯಪುರ, ಪಡೆಯುವವರೂ ವಿಜಯಪುರ. 2014ರ ನವೆಂಬರ್ 1ಕ್ಕೆ ಮೊದಲಾಗಿದ್ದರೆ ನಮ್ಮೂರು ಬಿಜಾಪುರವಾಗಿರುತ್ತಿತ್ತು, ರೊಟ್ಟಿ ನನ್ನ ಹೊಟ್ಟೆ ಸೇರುತ್ತಿತ್ತು. ಐದನೇ ದಿನ ಅವ್ವನ ಫೋನ್.

"ಕೊರಿಯರ್‌ನವ ಬಂದಿದ್ದ. ನೀ ಕಾಫಿಪುಡಿ ಕಳಿಸೀ ಅಂದ್ಕೊಂಡು ಬಿಚ್ಚಿದೆ. ನೋಡಿದ್ರ ನನ್ನ ರೊಟ್ಟಿನಾ."

"ಹೆಂಗ ಅದಾವ?"

"ಚಲೋ ಅದಾವ. ಹಿಂಡಿಗೆ ಉಪ್ಪು ಒಂಚೂರು ಕಡಿಮಿ ಬಿದ್ದಿತ್ತು."

ಎರಡನೇ ಸಲ ರೊಟ್ಟಿ ಬಂದದ್ದು ಪರಿಚಯದವರ ಕೈಯಲ್ಲಿ, ರೈಲಿನಲ್ಲಿ. ನಾನೇ ಬೀರೂರಿಗೆ ಹೋಗಿ ಗಂಟು ಇಸಿದುಕೊಂಡು ಬಸ್ಸು ಹತ್ತಿದೆ. ತಿಂಗಳಿಟ್ಟರೂ ಕೆಡದ, ಮುರಿದರೆ ಮೂರು ಮನೆಗೆ ಕೇಳಿಸುವ ರೊಟ್ಟಿ ಅದು. ಆದರೆ ಅದನ್ನು ತಟ್ಟಿದ್ದು ಬಿಜಾಪುರದ ಗಾಳಿಯಲ್ಲಿ. ಇಲ್ಲಿನ ಪುಷ್ಯ ಮಳೆಯಲ್ಲಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಗಂಟು ಬಿಚ್ಚಿದರೆ, ಐವತ್ತೂ ಒದ್ದೆ ಕರ್ಚೀಫಿನಂತೆ ಮೆತ್ತಗಾಗಿ ಕೈಯಿಂದ ಜೋತುಬಿದ್ದವು.

ಅಮ್ಮನವರಿಗೆ ಒಂದು ಕೊಟ್ಟೆ. ಮಡಚಿ, ಬಿಚ್ಚಿ, ಮತ್ತೆ ಮಡಚಿ ನೋಡಿದರು. "ನಿಮ್ಮ ಕಡೆ ರೊಟ್ಟಿ ಎಷ್ಟು ಮೆದು ಮಾರಾಯ!" ಎಂದರು. ಮಾನ ಹೋದಂತಾಯಿತು. ವಿಷಯ ವಿವರಿಸಿದ ಮೇಲೆ ಅವರು ಸೆರಗು ಸಿಕ್ಕಿಸಿಕೊಂಡು, ನನ್ನ ಎರಡು ಅಂಗಿಗಳನ್ನು ಪಕ್ಕಕ್ಕೆ ಸರಿಸಿ, ರೊಟ್ಟಿಗಳನ್ನು ಒಂದೊಂದಾಗಿ ಬಚ್ಚಲೊಲೆಯ ಗಳುವಿಗೆ ನೇತುಹಾಕಿದರು. ಆಗಲೇ ಫೋನ್ ಬಡಿದುಕೊಂಡಿತು. ಕೈಯಲ್ಲಿ ರೊಟ್ಟಿ ಇದ್ದುದರಿಂದ ಸ್ಪೀಕರ್ ಒತ್ತಿದೆ.

"ಮುಟ್ಟಿದಾವ?" ಎಂದಳು ಅವ್ವ.

"ಮುಟ್ಟಿದಾವ್ ಯವ್ವಾ."

"ಮೆತ್ತಗಾಗಿಲ್ಲಲ್ಲ? ಒಂದ್ ಮುರಿ ನೋಡೂನು, ನಾ ಕೇಳ್ತೀನಿ."

ಮುರಿದೆ. ಅದು ಮುರಿಯಲಿಲ್ಲ, ಬಾಗಿತು. ಫೋನಿನ ಆಚೆ ಮೌನ. ಒಲೆಯ ಮುಂದೆ ಕೂತಿದ್ದ ಅಮ್ಮನವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ರೊಟ್ಟಿ ನೋಡಿದರು. ಆಮೇಲೆ ಸೌದೆ ರಾಶಿಯಿಂದ ಒಣ ಪುಳ್ಳೆಯೊಂದನ್ನು ಆರಿಸಿ, ಫೋನಿನ ಹತ್ತಿರ ತಂದು, ಎರಡು ತುಂಡು ಮಾಡಿದರು. ಕಟಕ್!

"ಹಾಂ," ಎಂದಳು ಅವ್ವ. "ಕೇಳಿಸ್ತು."