ಸತ್ಯಾಂಶ: ಕುಂಡದ ಗಿಡಗಳು ಹೊಸ ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತವೆಯೇ?

ಮೊದಲ ಮನೆ ಕೊಂಡು ವಾಸಕ್ಕೆ ಹೊರಟವರಿಗೆ ಒಂದು ಸಂದೇಶ ಪದೇ ಪದೇ ಬರುತ್ತದೆ: ಕೋಣೆಗೆರಡು ಕುಂಡ ಇಟ್ಟರೆ ಬಣ್ಣದ ವಿಷವನ್ನೆಲ್ಲ ಗಿಡಗಳು ಹೀರಿಕೊಳ್ಳುತ್ತವೆ, ಇದನ್ನು ನಾಸಾ ಸಾಬೀತುಪಡಿಸಿದೆ ಎಂದು.

ನಾಸಾ 1989ರಲ್ಲಿ ಇಂಥ ಪ್ರಯೋಗದ ವರದಿ ಪ್ರಕಟಿಸಿದ್ದು ನಿಜ. ಆದರೆ ಅಲ್ಲಿ ಗಿಡಗಳನ್ನಿಟ್ಟದ್ದು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ; ಬಾಗಿಲು, ಕಿಟಕಿಗಳ ಸಂದಿಯಿಂದಲೇ ಗಾಳಿ ಬದಲಾಗುತ್ತಿರುವ ಮನೆಯಲ್ಲಲ್ಲ. ಇಂಥ ಹಲವು ಪ್ರಯೋಗಗಳ ಅಂಕಿಗಳನ್ನು 2019ರಲ್ಲಿ ಮರುಪರಿಶೀಲಿಸಿದ ಸಂಶೋಧಕರು, ಕಟ್ಟಡದೊಳಗಿನ ಸಹಜ ಗಾಳಿಯಾಟಕ್ಕೆ ಗಿಡಗಳು ಸರಿಗಟ್ಟಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕಾಗುತ್ತವೆ ಎಂದು ಲೆಕ್ಕ ಹಾಕಿದರು. ಆಗ ಮನೆಯವರು ಎಲ್ಲಿ ಮಲಗಬೇಕೆಂಬುದನ್ನು ಸಂದೇಶ ಕಳುಹಿಸಿದವರೇ ತಿಳಿಸಬೇಕು.

ಬಣ್ಣದ ವಾಸನೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡ್‌ಗಳ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಎಂಬ ಹಾನಿಕಾರಕ ಅನಿಲ ಮಾತ್ರ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ. ಶಾಖ ಮತ್ತು ತೇವಾಂಶ ಏರಿದಂತೆ ಅದರ ಪ್ರಮಾಣವೂ ಏರುತ್ತದೆ. ಆದ್ದರಿಂದ ಎದುರುಬದುರು ಕಿಟಕಿಗಳನ್ನು ತೆರೆದಿಡುವುದು, ಬಟ್ಟೆ ಜೋಡಿಸುವ ಮುನ್ನ ಹೊಸ ಕಪಾಟಿನ ಬಾಗಿಲು, ಖಾನೆಗಳನ್ನು ಕೆಲವು ದಿನ ಹಾಗೆಯೇ ತೆರೆದುಬಿಡುವುದು ಹೆಚ್ಚು ಫಲಕಾರಿ.